ನಾಲಿಗೆಯ ಕೆಳಗಿನ ಗುಳಿಗೆ

ಮುಂಬೈಗೆ ಗಾರೆ ಕೆಲಸಕ್ಕೆ ಹೋದ ನನ್ನ ತಮ್ಮ ಹೆರಾಯಿನ್ ಚಟ ಹಚ್ಚಿಕೊಂಡು ನಾರಾಯಣಪೇಟೆಗೆ ಮರಳಿದ. ತಾಯತ ಕಟ್ಟಿಸಿದೆವು, ಕೋಣೆಯಲ್ಲಿ ಕೂಡಿಹಾಕಿದೆವು. ಯಾವುದೂ ನಡೆಯಲಿಲ್ಲ. ಕೊನೆಗೆ ಪಾಲಮೂರಿನ ದವಾಖಾನೆಯಲ್ಲಿ ಹೆರಾಯಿನ್ನಿನ ಸೆಳೆತ ತಡೆಯುವ ಗುಳಿಗೆ ಕೊಟ್ಟರು. ದಿನಾ ನಾಲಿಗೆಯ ಕೆಳಗಿಟ್ಟು, ಕರಗುವವರೆಗೆ ಮಾತಾಡದೆ ಕೂರಬೇಕು. ಕೈನಡುಕ ನಿಂತು, ಅವನು ಮತ್ತೆ ಮನೆಯ ಮಗ್ಗಕ್ಕೆ ಕೂತ.

ಒಮ್ಮೆ ಗೋಡೆಯ ಗೂಡಿನಲ್ಲಿಟ್ಟ ಗುಳಿಗೆಗಳು ಕಾಣೆಯಾದವು. ಮರುದಿನ ಮಗ್ಗದಲ್ಲಿ ಅವನು ಬೆವರುತ್ತಿದ್ದ. ಲಾಳಿ ಕೈಜಾರಿ ಬಿತ್ತು. ಕಣ್ಣು ಬಾಗಿಲ ಕಡೆಗೇ ಇತ್ತು.

"ನಾನಽ ಮುಚ್ಚಿಟ್ಟೀನಿ," ಅಂದಳು ಅವ್ವ. "ಒಂದು ಚಟಾ ಬಿಡಿಸಾಕ ಇನ್ನೊಂದು ಹಚ್ಚ್ಯಾರ. ಈಗ ಚೆಂದ ಅದಾನಲ್ಲ?"

"ಅದನ್ನ ತಗೊಂಡಿದ್ದಕ್ಕಽ ಚೆಂದ ಇದ್ದ!" ಅಂದೆ.

ಅವಳ ಕೈಯಲ್ಲಿ ಅವಳದೇ ಸಕ್ಕರೆ ಕಾಯಿಲೆಯ ಗುಳಿಗೆಯಿತ್ತು. ಕಸಿದುಕೊಂಡೆ. "ಹಂಗಾದ್ರ ಇದೂ ಚಟಾ ಏನಬೇ? ನೀನೂ ಬಿಡು ಇವತ್ತ!"

ಅಷ್ಟರಲ್ಲಿ ತಮ್ಮ ಎದ್ದು ಚಪ್ಪಲಿ ಮೆಟ್ಟಿದ. ಅವ್ವ ಒಳಗೆ ಓಡಿ, ಅಕ್ಕಿ ಡಬ್ಬಿಯಿಂದ ಅವನ ಗುಳಿಗೆ ತೆಗೆದು ತಂದಳು. ಬಾಗಿಲಿಗೆ ಅಡ್ಡ ನಿಂತು, "ಬಾಯಿ ತೆಗಿ," ಅಂದಳು.

ಅವನು ಗುಳಿಗೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು ಹೊಸ್ತಿಲ ಮೇಲೇ ಬಾಯಿ ಮುಚ್ಚಿ ಕೂತ. ಅವ್ವನೂ ಸೆರಗನ್ನು ಬಾಯಿಗೊತ್ತಿ ಎದುರಿಗೆ ಕೂತಳು. ಅವಳ ಗುಳಿಗೆ ನನ್ನ ಬೆವೆತ ಮುಷ್ಟಿಯಲ್ಲಿ ಕರಗುತ್ತಿತ್ತು.