ಒರಗಿ ಕುಳಿತ ನೆರೆಮನೆಯ ತಾಯಿ

ದಪ್ಪಗಿರುವವರಿಗೆ ಕಾಯಿಲೆ ತಟ್ಟದೆಂದು ನಮಗೆ ಹೇಳಿಕೊಟ್ಟವರು ಯಾರು?

ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸ್ಥೂಲಕಾಯದ ತಾಯಿಯೊಬ್ಬರು ಹಾಗೆಯೇ ನಂಬಿದ್ದರು. ಸೊಂಟಕ್ಕೆ ಕೈಯಿಟ್ಟು, "ನಂಗೇನಪ್ಪಾ, ಗುಂಡುಕಲ್ಲಿನಂಗಿದೀನಿ!" ಎಂದು ನಗುವುದು ಅವರ ವಾಡಿಕೆ. ಊರಿಗೆಲ್ಲ ಫ್ಲೂ ಜ್ವರ ಹರಡಿದ ವರ್ಷ ಅದೇ ಮಾತು ಹೇಳುತ್ತ ವೈದ್ಯರಲ್ಲಿಗೆ ಹೋಗಲು ತಡಮಾಡಿದರು. ಏದುಸಿರು ಹತ್ತಿದ ಮೇಲೆ ನಾವೇ ಆಸ್ಪತ್ರೆಗೆ ಸೇರಿಸಬೇಕಾಯಿತು.

ಅದೇ ಜ್ವರದ ತೆಳ್ಳನೆಯ ರೋಗಿಗಳು ಅಕ್ಕಪಕ್ಕದಲ್ಲಿ ನಿದ್ರಿಸುತ್ತಿದ್ದರು. ಇವರು ಮಾತ್ರ ಅಂಗಾತ ಮಲಗಿದೊಡನೆ ಉಸಿರಿಗಾಗಿ ಒದ್ದಾಡುತ್ತಿದ್ದರು. ದಣಿದಿದ್ದಾರೆಂದು ಅವರ ಸೊಸೆ ಮತ್ತೆ ಮತ್ತೆ ಮಲಗಿಸುತ್ತಿದ್ದಳು. ಓಡಿಬಂದ ನರ್ಸಮ್ಮ, "ಮಲಗಿಸ್ಬೇಡಿ ಕಣ್ರೀ! ಹೊಟ್ಟೆ ಭಾರ ಮೇಲಕ್ಕೊತ್ತಿದ್ರೆ ಉಸಿರು ಹೆಂಗಾಡುತ್ತೆ?" ಎಂದು ಗದರಿ, ದಿಂಬುಗಳನ್ನು ಒಟ್ಟಿ ಅವರನ್ನು ಒರಗಿಸಿ ಕೂರಿಸಿದರು, ಆಮ್ಲಜನಕ ಕೊಡಿಸಿದರು. ಉಸಿರು ಹದಕ್ಕೆ ಬಂದಾಗ ಆ ತಾಯಿ ನನ್ನತ್ತ ತಿರುಗಿ, "ಜಟಕಾದವ್ನು ಗಾಡಿ ಹಿಂದಕ್ಕೆ ವಾಲುತ್ತೆ, ಮುಂದಕ್ಕೆ ಬನ್ನಿ ಅಂತಾನೆ, ಈಯಮ್ಮ ಹಿಂದಕ್ಕೊರಗಿ ಅಂತಾಳೆ. ಯಾರ ಮಾತು ಕೇಳ್ಲಪ್ಪಾ?" ಎಂದರು. ವಾರ್ಡೇ ನಕ್ಕಿತು. ಸೊಸೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಉಳಿದವರಿಗಿಂತ ತಡವಾಗಿಯಾದರೂ ಅವರು ಗುಣವಾಗಿ ಮನೆಗೆ ಬಂದರು. ಓದುಗರಲ್ಲಿ ನನ್ನದೊಂದೇ ಅರಿಕೆ: ನಿಮ್ಮ ಮನೆಯ ಮೈತುಂಬಿದವರಿಗೆ ಇಂಥ ಜ್ವರ ಬಂದರೆ ಅವರ ಗಾತ್ರ ಕಂಡು ಧೈರ್ಯ ತಾಳಬೇಡಿ, ಮೊದಲ ದಿನವೇ ವೈದ್ಯರಿಗೆ ತೋರಿಸಿ.