ಬೊಳ್ಳಿಯ ಪಾಲಿನ ತೌಡು

ಶಿರ್ತಾಡಿಯ ರುಕ್ಮಯ್ಯನ ಮನೆಯಲ್ಲಿ ತೌಡಿಗೆ ಒಂದು ಕ್ರಮವಿತ್ತು. ಕರೆಯುವ ದನಕ್ಕೆ, ಉಳುವ ಎತ್ತುಗಳಿಗೆ ತೌಡು. ಕಡಸುಗಳಿಗೆ ಬರೀ ಬೈಹುಲ್ಲು. ಗಬ್ಬವಾದ ಮೇಲೆ ತಿನ್ನಲಿ ಎನ್ನುವುದು ರುಕ್ಮಯ್ಯನ ತಾಯಿಯ ಮಾತು. ಮನೆಯ ಅನ್ನಕ್ಕೂ ಹೆಚ್ಚುಕಡಿಮೆ ಅದೇ ಕ್ರಮ. ರುಕ್ಮಯ್ಯನ ಹೆಂಡತಿ, ಮಕ್ಕಳಾಗದ ಸೊಸೆ ಅಮ್ಮಣಿ ಎಲ್ಲರ ಊಟವಾದ ಮೇಲೆ ಪಾತ್ರೆಯ ತಳ ಕೆರೆದು ಉಣ್ಣುತ್ತಿದ್ದಳು.

ಬೊಳ್ಳಿ ಅವಳ ತವರಿನ ಕರು. ಅಪ್ಪ ತೀರಿದ ವರ್ಷ ತೋಡಾರಿನಿಂದ ಹಗ್ಗ ಹಿಡಿದು ನಡೆಸಿಕೊಂಡು ಬಂದದ್ದು. ಓರಗೆಯ ಕಡಸುಗಳೆಲ್ಲ ಕರು ಹಾಕಿದರೂ ಬೊಳ್ಳಿ ಬೆದೆಗೇ ಬರಲಿಲ್ಲ. ಅತ್ತೆ "ಗೊಡ್ಡು" ಎನ್ನುವಾಗ ಅವರ ಕಣ್ಣು ಕೊಟ್ಟಿಗೆಯ ಕಡೆಗಿತ್ತೋ ತನ್ನ ಕಡೆಗಿತ್ತೋ, ಅಮ್ಮಣಿ ತಿರುಗಿ ನೋಡಲಿಲ್ಲ. ಕೊಯ್ಲು ಮುಗಿದ ಕೂಡಲೇ ಮಾರಿಬಿಡುವುದೆಂದು ರುಕ್ಮಯ್ಯ ಹೇಳಿದ.

ಎತ್ತಿನ ಕಾಲು ನೋಡಲು ಮೂಡಬಿದಿರೆಯ ದನದ ಆಸ್ಪತ್ರೆಯಿಂದ ಧರ್ಣಪ್ಪ ಬಂದಾಗ ಅಮ್ಮಣಿ ಬೊಳ್ಳಿಯನ್ನೂ ತೋರಿಸಿದಳು. ಅವನು ಪಕ್ಕೆಲುಬಿನ ಮೇಲೆ ಕೈಯಾಡಿಸಿದ.

"ಇದು ಗೊಡ್ಡಲ್ಲ ಅಮ್ಮಣಿಯಕ್ಕ, ಹಸಿದದ್ದು."

ಹೊಟ್ಟೆಗೆ ಸಾಲದ ಪ್ರಾಣಿಯ ಮೈ ಇದ್ದುದನ್ನು ಉಸಿರಿಗೆ ಮಾತ್ರ ಖರ್ಚು ಮಾಡುತ್ತದೆ, ಬೆದೆ ತರಿಸುವ ಹಾರ್ಮೋನನ್ನು ತಡೆದಿಡುತ್ತದೆ ಎಂದು ಅವನು ತಿಳಿಸಿ ಹೇಳಿದ. ತೌಡು, ಹಿಂಡಿ ಬಿದ್ದರೆ ತಾನಾಗಿ ಬರುತ್ತದೆ. ಆದರೆ ಮೊದಲ ಬೆದೆಗೇ ಹೋರಿಯ ಹತ್ತಿರ ಒಯ್ಯಬಾರದು. ಹಸಿವಿನಲ್ಲಿ ಎಲುಬು ಬೆಳೆದಿಲ್ಲ, ಒಂದು ಮಳೆಗಾಲ ಕಳೆಯಲಿ.

ಅಮ್ಮಣಿ ತನ್ನ ಪಾಲಿನ ಗಂಜಿಯನ್ನೂ ಬೊಳ್ಳಿಗೆ ಇಡುವ ಅಕ್ಕಚ್ಚಿನ ನೀರಿಗೆ ಸುರಿದಳು. ಗಾಣದ ಉಮ್ಮರ್ ಬ್ಯಾರಿಯಲ್ಲಿ ಕೇಳಿ ತೆಂಗಿನ ಹಿಂಡಿಯ ಪುಡಿ ತಂದಳು. ಬೊಳ್ಳಿಯ ಮೈ ಮಿನುಗಿತು. ಕೊಯ್ಲಿಗೆ ಮೊದಲು ಒಂದು ಬೆಳಿಗ್ಗೆ ಅದು ಬೆದೆಗೆ ಬಂದು ಹಗ್ಗ ಜಗ್ಗಿ ಕೂಗಿತು.

"ಈ ಸಲ ಬಿಟ್ಟರೆ ಮತ್ತೆ ಬರ್ತದೋ ಇಲ್ವೋ," ಎಂದರು ಅತ್ತೆ. "ಗೊಡ್ಡಿನ ಕೂಗು ನಂಬಲಿಕ್ಕುಂಟಾ?"

ಧರ್ಣಪ್ಪನ ಮಾತು ಅಮ್ಮಣಿಗೆ ನೆನಪಿತ್ತು. ಕಾಯುವ ಎಂದಿದ್ದರೆ ಗಂಡ ಬೈದಾದರೂ ಕಾಯುತ್ತಿದ್ದನೋ ಏನೋ. ಆದರೆ ಅವಳಿಗೆ ಆ ಒಂದು ಮಾತನ್ನು ಅತ್ತೆಯ ಬಾಯಿಂದ ಅಳಿಸಬೇಕಿತ್ತು. ತಾನೇ ಹಗ್ಗ ಬಿಚ್ಚಿ ನೆರೆಯ ಕುಶಾಲಪ್ಪನ ದೊಡ್ಡ ಹೋರಿಯ ಹತ್ತಿರ ಹೊಡೆದುಕೊಂಡು ಹೋದಳು.

ಗಬ್ಬ ನಿಂತಿತು. ಅತ್ತೆ ತಾವೇ ತೌಡು ಕಲಸಿ ಇಡತೊಡಗಿದರು. ಗೊಡ್ಡು ಎಂಬ ಮಾತು ಆ ಅಂಗಳದಲ್ಲಿ ಮತ್ತೆ ಕೇಳಲಿಲ್ಲ. ಆ ತಿಂಗಳುಗಳಲ್ಲಿ ಅಮ್ಮಣಿ ಕೊಟ್ಟಿಗೆಯಲ್ಲಿ ಹಾಡು ಗುನುಗುವುದನ್ನು ನೆರೆಯವರು ಕೇಳಿದ್ದಾರೆ.

ಕರು ಹಾಕುವ ದಿನ ಕರುವಿನ ಎರಡು ಕಾಲು ಹೊರಗೆ ಬಂದು ಹೆರಿಗೆ ಅಲ್ಲಿಗೇ ನಿಂತಿತು. ಸಣ್ಣ ಮೈ, ದೊಡ್ಡ ಕರು. ಧರ್ಣಪ್ಪನನ್ನು ಕರೆತರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಅವನು ಕರುವನ್ನು ಎಳೆದು ಉಳಿಸಿದ. ಬೊಳ್ಳಿ ಅಮ್ಮಣಿಯ ಮಡಿಲಲ್ಲಿ ತಲೆಯಿಟ್ಟು, ಕರುವಿನ ಕಡೆಗೆ ನಾಲಗೆ ಚಾಚಿತು, ಮುಟ್ಟುವ ಮೊದಲೇ ಅದರ ಉಸಿರು ನಿಂತಿತು. ಮೊದಲ ಬೆದೆಗೇ ಯಾಕೆ ಒಯ್ದದ್ದೆಂದು ಧರ್ಣಪ್ಪ ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಹೆಣ್ಣುಕರು. ಬೇರೆ ದನದ ಹಾಲನ್ನು ಬೆರಳಲ್ಲಿ ನೆಕ್ಕಿಸಿ ಸಾಕಿದಳು. ಅದು ಹುಲ್ಲು ಕಚ್ಚಲು ಕಲಿತ ದಿನವೇ ತೌಡನ್ನೂ ಇಟ್ಟಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು, ಕ್ರಮ ಹೇಳಲಿಲ್ಲ. ಆ ದಿನ ಊಟಕ್ಕೆ ಎಲ್ಲರ ಜೊತೆ ಅಮ್ಮಣಿಗೂ ಮಣೆ ಹಾಕಿ, ಬಿಸಿ ಅನ್ನ ಬಡಿಸಿ, "ಉಣ್ಣು ಮಗಾ," ಎಂದರು.

ಅಮ್ಮಣಿ ಅನ್ನ ಕಲಸಿದಳು. ಮೊದಲ ತುತ್ತನ್ನು ಬೊಳ್ಳಿಯ ಪಾಲೆಂದು ಬದಿಗೆ ತೆಗೆದಿಟ್ಟಳು.