ಕೆಂಪು ಗೆರೆ ಎಳೆದ ಲಗ್ನಪತ್ರಿಕೆ

ಮೊನ್ನೆ ಪಕ್ಕದ ಮನೆಯವರು ಸೈಕಲ್ಲಿನ ಚೈನು ಬಿಚ್ಚಿ ಸೀಮೆಎಣ್ಣೆಯ ಬಟ್ಟಲಲ್ಲಿ ಅದ್ದಿಟ್ಟಿದ್ದರು. ಈ ಕಾಲದಲ್ಲಿ ಅವರಿಗೆ ಸೀಮೆಎಣ್ಣೆ ಎಲ್ಲಿ ಸಿಕ್ಕಿತೋ ಕಾಣೆ. ಗಾಳಿಗೆ ವಾಸನೆ ನಮ್ಮ ಪಡಸಾಲೆಗೂ ಬಂತು. ನನ್ನ ಹೆಂಡತಿ ಮೂಗಿಗೆ ಸೆರಗು ಹಿಡಿದು ಒಳಗೆ ಹೋದಳು. ನಾನು ಕೂತಲ್ಲೇ ಕೂತೆ. ಅಚ್ಚಿನ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅದೇ ವಾಸನೆಯ ಕೈಯಲ್ಲಿ ಇಪ್ಪತ್ತು ವರ್ಷ ರೊಟ್ಟಿ ಮುರಿದವನು ನಾನು. ಆ ವಾಸನೆಗೆ ನನಗೆ ಕೊಟ್ಟೂರಿನ ಪ್ರೆಸ್ಸು ನೆನಪಾಗಬೇಕಿತ್ತು. ಆದರೆ ಮೊದಲು ನೆನಪಾದವರು ಹಂಪಸಾಗರದ ಕಡೆಯಿಂದ ಬಂದಿದ್ದ ಬಾಲವಾಡಿ ಅಕ್ಕೋರು...

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕೊಟ್ಟೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದೆ. ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಯಂತ್ರ, ಮೊಳೆ ತುಂಬಿಡುವ ನಾಲ್ಕು ಮರದ ಕೇಸು, ಗೋಡೆಯ ಮೇಲೆ ವಿಭೂತಿ ಹಚ್ಚಿದ ವೀರಭದ್ರೇಶ್ವರನ ಒಂದು ಫೋಟೋ, ಇಷ್ಟೇ ನಮ್ಮ ಪ್ರೆಸ್ಸು. ಲಗ್ನಪತ್ರಿಕೆಯೇ ನಮ್ಮ ಮುಖ್ಯ ಬೆಳೆ.

ನಮ್ಮಲ್ಲೊಂದು ಪದ್ಧತಿ ಇತ್ತು. ಒಂದು ಕೆಲಸ ಅಚ್ಚಾದ ಮೇಲೆ ಅದರ ಮೊಳೆಗಳನ್ನೆಲ್ಲ ಬಿಡಿಸಿ ಮತ್ತೆ ಕೇಸಿಗೆ ತುಂಬುತ್ತಿದ್ದೆವು. ಒಂದು ಸಾಲನ್ನು ಮಾತ್ರ ಎಂದೂ ಬಿಡಿಸುತ್ತಿರಲಿಲ್ಲ. ‘ಶ್ರೀ ವೀರಭದ್ರೇಶ್ವರ ಪ್ರಸನ್ನ’ ಎಂಬ ಆ ಸಾಲನ್ನು ದಾರ ಸುತ್ತಿ ಕಟ್ಟಿ ಬೇರೆ ತಟ್ಟೆಯಲ್ಲಿ ಇಟ್ಟಿದ್ದೆವು. ಯಾವ ಲಗ್ನಪತ್ರಿಕೆ ಬಂದರೂ ಎಲ್ಲಕ್ಕಿಂತ ಮೊದಲು ಅದನ್ನು ತಂದು ನೆತ್ತಿಯ ಮೇಲೆ ಕೂಡಿಸುವುದು. ಗಿರಾಕಿ ಬರೆದುಕೊಡಲಿ, ಬಿಡಲಿ, ಅದು ಹಾಗೆಯೇ. ಶುಕ್ರವಾರ ಆ ಸಾಲಿಗೆ ಸಾವ್ಕಾರ್ರು ಒಂದು ಹೂವನ್ನೂ ಇಡುತ್ತಿದ್ದರು.

ಆ ಅಕ್ಕೋರು ತಮ್ಮ ಮದುವೆಯ ಪತ್ರಿಕೆ ಅಚ್ಚು ಹಾಕಿಸಲು ತಾವೇ ಬಂದರು. ಮದುಮಗಳೇ ಪ್ರೆಸ್ಸಿಗೆ ಬಂದದ್ದನ್ನು ನಾನು ಅದೇ ಮೊದಲು ಕಂಡದ್ದು. ಊರಲ್ಲಿ ಬಾಲವಾಡಿ ನಡೆಸುತ್ತಿದ್ದರು. ಟೀಚರ್ ಟ್ರೈನಿಂಗ್ ಮುಗಿಸಿದ್ದರು. ಪರಿಶಿಷ್ಟ ಜಾತಿಯ ಮೀಸಲಿನಲ್ಲಿ ಪ್ರಾಥಮಿಕ ಶಾಲೆಗೆ ಆಯ್ಕೆಯೂ ಆಗಿದ್ದರು. ನೇಮಕದ ಆರ್ಡರ್ ಒಂದು ಕೈಗೆ ಬರಬೇಕಿತ್ತು. ಅವರಪ್ಪ ಹೊಲದ ಕೂಲಿ ಮಾಡಿ ಓದಿಸಿದ್ದರು. ಎರಡು ವರ್ಷದ ಹಿಂದೆ ಮನೆಯವರೆಲ್ಲ ಬೌದ್ಧರಾಗಿದ್ದರು. ಪತ್ರಿಕೆಯ ಮೇಲೆ ‘ನಮೋ ಬುದ್ಧಾಯ’ ಎಂದಿರಬೇಕು, ಬೇರೇನೂ ಬೇಡ ಎಂದು ಗುಂಡು ಗುಂಡಾದ ಅಕ್ಷರದಲ್ಲಿ ಬರೆದುಕೊಟ್ಟರು. ಕರಡಚ್ಚನ್ನು ಓದಿ, ಸರಿ ಇದೆ ಎಂದು ಸಹಿ ಹಾಕಿ ಬಸ್ಸಿಗೆ ಹೋದರು.

ಅವರು ಹೋದ ಮೇಲೆ ನನ್ನ ಬುದ್ಧಿ ಓಡಿತು. ಪತ್ರಿಕೆಯ ನೆತ್ತಿ ಬೋಳು ಬೋಳಾಗಿ ಕಂಡಿತು. ಬುದ್ಧನೂ ಇರಲಿ, ನಮ್ಮ ದೇವರೂ ಇರಲಿ, ಹೊಸದಾಗಿ ಸಂಸಾರ ಹೂಡುವ ಹುಡುಗಿಗೆ ಒಳ್ಳೆಯದಾಗಲಿ ಎಂದುಕೊಂಡೆ. ದಾರ ಕಟ್ಟಿದ ಸಾಲನ್ನು ತಂದು ಮೇಲೆ ಕೂಡಿಸಿಯೇ ಬಿಟ್ಟೆ. ಮುನ್ನೂರು ಪತ್ರಿಕೆ ಅಚ್ಚಾದವು. ಉಪಕಾರ ಮಾಡಿದೆ ಎಂದು ಆ ದಿನ ಹಿಗ್ಗಿದ್ದೆ ಕೂಡ.

ಮೂರನೇ ದಿನ ಬಂದು ಕಟ್ಟು ಬಿಚ್ಚಿ ನೋಡಿದರು. ಮೇಲಿನ ಸಾಲಿನ ಮೇಲೆ ಬೆರಳಿಟ್ಟರು.

“ಅಣ್ಣಾರ, ಈ ಸಾಲು ನಾ ಬರದು ಕೊಟ್ಟಿಲ್ರಿ.”

ಸಾವ್ಕಾರ್ರೇ ಬಾಯಿ ಹಾಕಿದರು. “ಇರ್ಲಿ ಬಿಡವ್ವ. ನಮ್ಮ ಹುಡುಗ ತಪ್ಪು ಮಾಡ್ಯಾನ, ಖರೆ. ಆದ್ರ ಆ ತಪ್ಪಿಂದ ನಿನಗ ಒಳ್ಳೇದ ಐತಿ. ಬೌದ್ಧರಾದವ್ರಿಗೆ ಮೀಸಲು ಇಲ್ಲ ಅಂತ ಕಾನೂನು ಐತಿ. ನಿನ್ನ ಆರ್ಡರ್ ಇನ್ನೂ ಬಂದಿಲ್ಲ. ಈ ಪತ್ರಿಕಿ ಯಾರರ ಕಚೇರಿಗೆ ಒಯ್ದು ತೋರ್ಸಿದ್ರ ಏನ್ ಮಾಡ್ತಿ? ದೇವರ ಹೆಸರು ಮ್ಯಾಲ ಇದ್ರ ನಿನ್ನ ತಂಟೆಗೆ ಯಾರೂ ಬರಂಗಿಲ್ಲ.”

ಅಲ್ಲಿಯವರೆಗೆ ನನಗೆ ಈ ಕಾನೂನು ಗೊತ್ತಿರಲಿಲ್ಲ. ಅಕ್ಕೋರಿಗೆ ಗೊತ್ತಿತ್ತು.

“ಗೊತ್ತೈತ್ರಿ ಸಾವ್ಕಾರ್ರೆ. ಯಾವ ಧರ್ಮಾನಾದ್ರೂ ನಂಬಬೌದು, ನಂಬಿದ್ದನ್ನ ಹೇಳಬೌದು ಅಂತ ಸಂವಿಧಾನದಾಗ ಐತಿ. ನಾಳೆ ಸಾಲ್ಯಾಗ ಮಕ್ಕಳಿಗೆ ಇದನ್ನ ನಾನ ಹೇಳಿಕೊಡಬೇಕು. ನಾ ಮಾತ್ರ ಹೆದರಿ ಮುಚ್ಚಿಟ್ಟೆ ಅಂತ ಹೇಳ್ಲೇನ್ರಿ?”

“ಪುಸ್ತಕದಾಗ ಐತವ್ವ, ಕಚೇರ್ಯಾಗ ಇಲ್ಲ.”

“ಪುಸ್ತಕದಾಗ ಐತೆಲ್ರಿ. ಕಚೇರಿಮಟ ನಾವ ಒಯ್ಬೇಕು.”

ಸಾವ್ಕಾರ್ರು ಕೆಟ್ಟವರಲ್ಲ. ಮತ್ತೆ ಅಚ್ಚು ಹಾಕಿ ಕೊಡುತ್ತೇನೆ ಎಂದರು. ಆದರೆ ಆ ಬಣ್ಣದ ಕಾಗದ ತೀರಿತ್ತು. ಹೊಸದು ಬಳ್ಳಾರಿಯಿಂದ ಬರಲು ವಾರ ಬೇಕು. ಮದುವೆಗೆ ಉಳಿದದ್ದು ಎಂಟೇ ದಿನ. ಅಕ್ಕೋರು ಚೀಲದಿಂದ ಒಂದು ಅಡಿಪಟ್ಟಿ, ಒಂದು ಕೆಂಪು ಪೆನ್ನು ತೆಗೆದು, ನೆಲದ ಮೇಲೆ ಕೂತು, ಮೊದಲನೇ ಪತ್ರಿಕೆಯ ಮೇಲಿನ ಸಾಲಿಗೆ ನೆಟ್ಟಗೆ ಒಂದು ಗೆರೆ ಎಳೆದರು. ನಾನೂ ಕೂತೆ. ತಪ್ಪು ನನ್ನದಲ್ಲವೇ? ಚೆನ್ನಾಗಿ ಮುಚ್ಚಿಹೋಗಲಿ ಎಂದು ನಾನು ಮಸಿಯ ಕುಂಚ ತಂದೆ. ಅವರು ನನ್ನ ಕೈ ತಡೆದರು.

“ಮಸಿ ಬಳಿಬ್ಯಾಡ್ರಿ ಅಣ್ಣಾರ. ಅದು ನಿಮ್ಮ ದೇವರ ಹೆಸರು. ನನಗ ಅದರ ಮ್ಯಾಲ ಸಿಟ್ಟಿಲ್ಲ. ಅದು ನನ್ನ ಮಾತಲ್ಲ ಅಂತ ತಿಳುದ್ರ ಸಾಕು. ಒಂದ ಗೆರಿ ಹಾಕ್ರಿ.”

ಆ ದೇವರ ಗುಡಿಯ ಕಟ್ಟೆಯ ಕೆಳಗೆ, ಬಿಸಿಲಲ್ಲಿ, ದೂರ ನಿಂತು ಕೈ ಮುಗಿದು ಬರುತ್ತಿದ್ದ ಜನರ ಮಗಳು ಅವರು. ಮಸಿ ಬಳಿಯಲು ಅವರಿಗೆ ಕಾರಣ ಬೇಕಾದಷ್ಟಿತ್ತು. ನನಗೆ ನಾಚಿಕೆಯಾಯಿತು. ಸಂಜೆಯ ಬಸ್ಸಿನ ಹೊತ್ತಿಗೆ ಗೆರೆ ಎಳೆದು ಮುಗಿಸಿದೆವು. ಒಂದನ್ನು ಮಾತ್ರ ಗೆರೆ ಇಲ್ಲದೆ ನಾನು ಮೊಳೆಯ ಕೇಸಿನ ಅಡಿ ಸೇರಿಸಿದೆ. ಯಾಕೆ ಎಂದು ಆಗ ನನಗೇ ಸ್ಪಷ್ಟವಿರಲಿಲ್ಲ. ಸಾವ್ಕಾರ್ರ ಮಾತು ಕಿವಿಯಲ್ಲಿತ್ತು, ಅಷ್ಟೆ.

ಮದುವೆಗೆ ಹೋದೆ. ಊಟಕ್ಕೆ ಕರೆದಾಗ ಒಂದು ಗಳಿಗೆ ಹಿಂದೆಮುಂದೆ ನೋಡಿದೆ, ಸುಳ್ಳು ಯಾಕೆ ಹೇಳಲಿ? ನಮ್ಮ ಮನೆಯವರು ಯಾರೂ ಆ ಕೇರಿಯಲ್ಲಿ ಉಂಡವರಲ್ಲ. ಅಕ್ಕೋರ ಅಪ್ಪ ನನ್ನ ಮುಂದೆ ಎಲೆ ಹಾಕಿ, ನೀರಿನ ತಂಬಿಗೆ ಹಿಡಿದು ನಿಂತರು. ಕೂತು ಉಂಡೆ. ಗೋಧಿ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡೆ.

ಸಾವ್ಕಾರ್ರು ಹೆದರಿದ್ದೇ ಆಯಿತು. ಆಯ್ಕೆಪಟ್ಟಿಯಲ್ಲಿ ಹಿಂದಿದ್ದವರೋ, ಊರಿನವರೋ, ಯಾರೋ ಒಬ್ಬರು ಆ ಪತ್ರಿಕೆಯನ್ನೇ ಲಗತ್ತಿಸಿ ಹೆಸರಿಲ್ಲದ ಅರ್ಜಿ ಹಾಕಿದರು. ಅಕ್ಕೋರಿಗೆ ಹಗರಿಬೊಮ್ಮನಹಳ್ಳಿಯ ಶಿಕ್ಷಣ ಕಚೇರಿಯಿಂದ ವಿಚಾರಣೆಗೆ ಕರೆ ಬಂತು. ಸುದ್ದಿ ತಿಳಿದ ನಾನು ಆ ದಿನ ಕೇಸಿನ ಅಡಿಯ ಪತ್ರಿಕೆಯನ್ನು ಜೇಬಿಗೆ ಹಾಕಿಕೊಂಡು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದೆ.

ಅಲ್ಲಿನ ಸಾಹೇಬರು ಮರ್ಯಾದಸ್ಥರು. ಅಕ್ಕೋರನ್ನು ಕೂಡಿಸಿ, ಮುಂದೆ ಒಂದು ಹಾಳೆ ಇಟ್ಟು, “ನೋಡಮ್ಮ, ಧರ್ಮ ಯಾವುದು ಅಂತ ಒಂದೇ ಮಾತು ಬರಿ. ಹಿಂದೂ ಅಂತ ಬರದ್ರ ನಾಳೆನ ಆರ್ಡರ್ ಕಳಸ್ತೀನಿ” ಎಂದರು. ನಾನು ಬಾಗಿಲಿನಿಂದ ಒಳಗೆ ನುಗ್ಗಿ ಪತ್ರಿಕೆಯನ್ನು ಮೇಜಿನ ಮೇಲಿಟ್ಟೆ. ಮೊದಲು ಅಚ್ಚಾದದ್ದು ಇದೇ, ದೇವರ ಹೆಸರು ಇತ್ತು, ನಾನೇ ಸಾಕ್ಷಿ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಸಾಹೇಬರ ಮುಖ ಅರಳಿತು.

ಅಕ್ಕೋರು ಆ ಪತ್ರಿಕೆಯನ್ನು ಎತ್ತಿ ನೋಡಿದರು. ಸಿಟ್ಟಾಗಲಿಲ್ಲ. ಅವರ ಕಣ್ಣು ತುಂಬಿದ್ದು ನನಗೆ ಕಂಡಿತು. ಅದನ್ನು ತಿರುಗಿ ನನ್ನ ಕೈಗೆ ಕೊಟ್ಟರು.

“ನೀವು ಬಂದ್ರೆಲ್ಲ ಅಣ್ಣಾರ, ಅದ ದೊಡ್ಡದು. ಆದ್ರ ಇದು ನಿಮ್ಮ ಮಾತು. ನೀವ ಇಟ್ಕೊರ್ರಿ.”

ಹಾಳೆ ಎಳೆದುಕೊಂಡು ಅದೇ ಗುಂಡು ಅಕ್ಷರದಲ್ಲಿ ‘ಬೌದ್ಧ’ ಎಂದು ಬರೆದು ಸಹಿ ಹಾಕಿದರು. ಸಾಹೇಬರು ಆ ಹಾಳೆಯನ್ನು ಫೈಲಿಗೆ ಸೇರಿಸಿದರು.

ಆರ್ಡರ್ ಬರಲಿಲ್ಲ. ಅಕ್ಕೋರು ಬಾಲವಾಡಿಗೇ ಮರಳಿದರು. ಬೌದ್ಧರಾದವರಿಗೂ ಮೀಸಲು ಉಂಟು ಎಂದು ಕಾನೂನು ತಿದ್ದಿದ್ದು ತೊಂಬತ್ತರಲ್ಲಿ. ಅಷ್ಟರಲ್ಲಿ ಅವರಿಗೆ ನೌಕರಿಯ ವಯಸ್ಸು ಮೀರಿತ್ತು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ತಡೆಯಲಾರದೆ ಕೇಳಿದೆ, ಬ್ಯಾಸರ ಆಗಲಿಲ್ಲೇನ್ರಿ ಎಂದು.

“ಆಗೇತ್ರಿ. ಭಾಳ ಆಗೇತಿ” ಎಂದರು. “ಸಾಲಿ ಬೆಲ್ ಕೇಳ್ದಾಗೆಲ್ಲ ಆಕ್ಕೇತಿ. ಆದ್ರ ಸುಳ್ಳು ಬರದು ಹೋಗಿದ್ರ, ದಿನಾ ಮಕ್ಕಳ ಮುಂದ ನಿಂತ್ಕೊಳ್ಳೋದು ಆಗ್ತಿರ್ಲಿಲ್ಲರಿ.” ಅಷ್ಟರಲ್ಲಿ ಬಸ್ಸು ಬಂತು...

ಆ ಪ್ರೆಸ್ಸು ಮುಚ್ಚಿ ಎಷ್ಟೋ ವರ್ಷವಾಯಿತು. ಮೊಳೆಗಳೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ದಾರ ಕಟ್ಟಿದ ಆ ಒಂದು ಸಾಲನ್ನು ಸಾವ್ಕಾರ್ರು ತಮ್ಮ ದೇವರಮನೆಗೆ ಒಯ್ದರು. ಅಕ್ಕೋರು ಬಂದು ಹೋದ ಮೇಲೆ ಅವರು ಪದ್ಧತಿ ಬದಲಿಸಿದ್ದರು. ಗಿರಾಕಿ ಬರೆದುಕೊಟ್ಟರೆ ಮಾತ್ರ ಆ ಸಾಲು ಹಾಕು ಎಂದು ನನಗೆ ತಾಕೀತು ಮಾಡಿದ್ದರು.

ಸೀಮೆಎಣ್ಣೆಯ ವಾಸನೆ ಬಂದ ಆ ಮಧ್ಯಾಹ್ನ ಮನಸ್ಸು ತಡೆಯದೆ ಹಂಪಸಾಗರದ ಪರಿಚಯದವರೊಬ್ಬರಿಗೆ ಫೋನು ಮಾಡಿ ಅಕ್ಕೋರನ್ನು ವಿಚಾರಿಸಿದೆ. ಹೋದ ಚಳಿಗಾಲದಲ್ಲೇ ತೀರಿಕೊಂಡರಂತೆ. ಅವರ ಕೈಯಲ್ಲಿ ಅಕ್ಷರ ತಿದ್ದಿದವರು ಊರು ತುಂಬ ಇದ್ದರಂತೆ, ಎಲ್ಲರೂ ಬಂದಿದ್ದರಂತೆ. ನನಗೆ ಮಾತ್ರ ಗೊತ್ತಾಗಲಿಲ್ಲ.

ಟ್ರಂಕಿನ ತಳದಲ್ಲಿ ಆ ಪತ್ರಿಕೆ ಇನ್ನೂ ಇತ್ತು. ಬಣ್ಣ ಮಾಸಿತ್ತು, ಅಕ್ಷರ ಮಾಸಿರಲಿಲ್ಲ. ಅಚ್ಚುಕಟ್ಟಾಗಿ ನೆತ್ತಿಯ ಮೇಲೆ ನನ್ನ ಸಾಲು, ಅದರ ಕೆಳಗೆ ಅವರದು. ಮೊಮ್ಮಗಳ ಅಡಿಪಟ್ಟಿ, ಕೆಂಪು ಪೆನ್ನು ಈಸಿಕೊಂಡು ಕಿಟಕಿಯ ಬೆಳಕಿಗೆ ಕೂತೆ. ನನ್ನ ಸಾಲಿನ ಮೇಲೆ ಅಡಿಪಟ್ಟಿ ಇಟ್ಟೆ. ಗೆರೆ ನೆಟ್ಟಗೇ ಬಂತು.